ಅತ್ತೆಯ ಹನ್ನೆರಡು ಬಿಳಿ

ಬಿಳಿ ಎಂಬುದು ಒಂದೇ ಬಣ್ಣ ಎಂದು ನಂಬಿಕೊಂಡು ನೀವು ಈವರೆಗೆ ನೆಮ್ಮದಿಯಾಗಿದ್ದರೆ, ದಯವಿಟ್ಟು ನಮ್ಮ ಅತ್ತೆಯ ಕಣ್ಣಿಗೆ ಬೀಳಬೇಡಿ! ನೀವು ಉಟ್ಟ ಪಂಚೆ, ಕುಡಿಯುವ ಹಾಲು, ತಿನ್ನುವ ಇಡ್ಲಿ, ನಕ್ಕರೆ ಕಾಣುವ ಹಲ್ಲು, ಈ ನಾಲ್ಕೂ ನಾಲ್ಕು ಬೇರೆ ಬೇರೆ ಬಿಳಿ ಎಂದು ನಿಂತ ನಿಲುವಿನಲ್ಲೇ ಸಾಬೀತು ಮಾಡಿ, ನಿಮ್ಮ ಹಲ್ಲಿಗೆ ಕೊನೆಯ ಸ್ಥಾನ ಕೊಟ್ಟು ಹೋಗಿಬಿಡುತ್ತಾರೆ. ನಿಮ್ಮ ಮನಸ್ಸು ನೋಯಿಸಬೇಕೆಂದು ಅಲ್ಲ. ಹಲ್ಲು ಕಂಡಿತು, ಬಣ್ಣ ಹೇಳಿದೆ, ಅದರಲ್ಲಿ ಬೇಜಾರು ಮಾಡಿಕೊಳ್ಳುವುದು ಏನಿದೆ ಎಂಬುದು ಅವರ ಅಭಿಪ್ರಾಯ.

ಅತ್ತೆ ಎಂದರೆ ನನ್ನ ಗಂಡನ ತಾಯಿಯಲ್ಲ, ಅಪ್ಪನ ಅಕ್ಕ. (ಗಂಡನ ತಾಯಿಯ ಮೇಲೆ ಪ್ರಬಂಧ ಬರೆದು ಅದೇ ಮನೆಯಲ್ಲಿ ಊಟಕ್ಕೆ ಕೂರುವ ಧೈರ್ಯ ನನಗಿಲ್ಲ.) ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದುಕೊಂಡು ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಅಲ್ಲಿ ಅವರ ಕೆಲಸವೇನು ಗೊತ್ತೇ? ನೋಡುವುದು! ಕತ್ತರಿಸಿ ಬಂದ ಹಾಳೆಗಳ ರಾಶಿಯ ಮುಂದೆ ನಿಂತು, ಒಂದೊಂದನ್ನೂ ಬೆರಳ ತುದಿಯಲ್ಲಿ ಎಬ್ಬಿಸಿ ಮಗುಚಿ, ಎಲ್ಲಿ ಚುಕ್ಕೆಯಿದೆ, ಎಲ್ಲಿ ಸುಕ್ಕಿದೆ, ಯಾವುದರ ಬಣ್ಣ ಒಂದು ಕೂದಲೆಳೆಯಷ್ಟು ಕೆಟ್ಟಿದೆ ಎಂದು ಹಿಡಿದು ಪಕ್ಕಕ್ಕೆ ಎಳೆದು ಹಾಕುವುದು. ದಿನಕ್ಕೆ ಸಾವಿರಾರು ಹಾಳೆ. ನಾವೆಲ್ಲ ಖಾಲಿ ಹಾಳೆ ಎಂದು ಕರೆಯುವುದನ್ನು ಮೂವತ್ತು ವರ್ಷ ಓದಿದ ಹೆಂಗಸು ಅವರು!

ಇನ್ನು ನಾನು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಚಿತ್ರಕಲೆಯ ಮೂಲಾಂಶಗಳು ಯಾವುವು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ: ರೇಖೆ, ಆಕಾರ, ವರ್ಣ, ಛಾಯೆ, ಮೈವಳಿಕೆ, ಅವಕಾಶ (ಎಂದರೆ ಖಾಲಿ ಬಿಡುವ ಜಾಗ). ಇದನ್ನು ಬಾಯಿಪಾಠ ಮಾಡಿದ್ದು ಅತ್ತೆಯ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ, ಡ್ರಾಯಿಂಗ್ ಪರೀಕ್ಷೆಗೆ ಮೊದಲಿನ ರಜೆಯಲ್ಲಿ. ಅತ್ತೆಗೆ ಮಕ್ಕಳಿರಲಿಲ್ಲ, ರಜೆ ಬಂತೆಂದರೆ ನನ್ನನ್ನು ಕರೆಸಿಕೊಳ್ಳುತ್ತಿದ್ದರು. ಆ ದಿನ ಪಕ್ಕದಲ್ಲಿ ಕೂತು ಅವರೆಕಾಯಿ ನಾರು ತೆಗೆಯುತ್ತಿದ್ದರು.

“ಏನೇ ಅದು ಮಂತ್ರ, ಬೆಳಿಗ್ಗೆಯಿಂದ?”

“ರೇಖೆ ಅಂದ್ರೆ ಏನು ಅಂತ ಓದ್ತಿದೀನಿ ಅತ್ತೆ. ಎರಡು ಬಿಂದುಗಳನ್ನ ಸೇರಿಸೋದು.”

ಅತ್ತೆ ಒಂದು ಅವರೆಕಾಯಿಯ ತುದಿ ಮುರಿದು, ಬೆನ್ನಿನುದ್ದಕ್ಕೂ ಸರ್ರನೆ ನಾರು ಎಳೆದು, ಆ ಹಸಿರು ಎಳೆಯನ್ನು ನನ್ನ ಪುಸ್ತಕದ ಮೇಲಿಟ್ಟರು. “ಇಗೋ, ನಿನ್ನ ರೇಖೆ. ಕಾಯಿ ಒಳಗೇ ಇತ್ತು. ನೀನೇನು ಸೇರಿಸ್ತೀಯ?”

ಅಷ್ಟಕ್ಕೇ ಬಿಡಲಿಲ್ಲ. ದಿನಪತ್ರಿಕೆಯ ಹಾಳೆಯೊಂದನ್ನು ತಂದು ಸ್ಕೇಲಿಲ್ಲದೆ, ಮಡಿಕೆ ಹಾಕದೆ, ಬರೀ ಕೈಯಲ್ಲಿ ಪರ್ರನೆ ಹರಿದರು. ದಾರ ಹಿಡಿದಂತೆ ನೇರ! ನಾನು ಹರಿದರೆ ನಾಯಿ ಕಚ್ಚಿದಂತಿತ್ತು. “ಎಳೆ ನೋಡ್ಕೊಂಡು ಹರೀಬೇಕು ಕಣೇ. ಕಾಗದಕ್ಕೂ ಎಳೆ ಇರುತ್ತೆ, ಒಂದು ಕಡೆಗೆ ಮಲಗಿರುತ್ತೆ. ಅಡ್ಡ ಹೋದ್ರೆ ಸಿಟ್ಟು ಮಾಡ್ಕೊಳುತ್ತೆ.” ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ನಿಜವಾಗಿಯೂ ಅದರೊಳಗೆ ಮೋಡದಂಥದ್ದೇನೋ ಇತ್ತು. ಅಲ್ಲಿಯವರೆಗೆ ನಾನು ಕಾಗದದ ಮೇಲೆ ನೋಡಿದ್ದೆ, ಒಳಗೆ ನೋಡಿರಲಿಲ್ಲ. ಆಗ ತೆರೆದ ಬಾಯನ್ನು ನಾನು ಇನ್ನೂ ಪೂರ್ತಿ ಮುಚ್ಚಿಲ್ಲ ಎಂದರೂ ತಪ್ಪಿಲ್ಲ.

ನಿವೃತ್ತಿಯಾಗಿ ಕ್ವಾರ್ಟರ್ಸು ಬಿಟ್ಟ ಮೇಲೆ ಅತ್ತೆ ವಿನೋಬನಗರದ ನಮ್ಮ ಮನೆಗೆ ಬಂದರು. ಬರುವಾಗ ಒಂದು ಟ್ರಂಕು, ಎರಡು ಕಣ್ಣು ತಂದರು. ಟ್ರಂಕು ಮೂಲೆಯಲ್ಲಿ ಕೂತಿತು. ಕಣ್ಣುಗಳು ಕೂರಲಿಲ್ಲ!

ಒಮ್ಮೆ ಪರಿಚಯದ ದಂಪತಿ ಮಗಳ ಮದುವೆಗೆ ಕರೆಯಲು ಬಂದರು. ಅತ್ತೆ ಕಾರ್ಡು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಬಗ್ಗಿಸಿದರು. ಕೆನ್ನೆಗೆ ಒತ್ತಿಕೊಂಡರು. ಕಿವಿಯ ಹತ್ತಿರ ತಂದು ಅಲ್ಲಾಡಿಸಿ ಸದ್ದು ಕೇಳಿದರು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಬಹಳ ಚೆನ್ನಾಗಿದೆ. ಗಟ್ಟಿ ಇದೆ, ಮೈ ನುಣುಪಾಗಿದೆ. ಖಂಡಿತ ಬರ್ತೀವಿ” ಎಂದರು ಅತ್ತೆ.

ಅವರು ಗೇಟು ದಾಟಿದ ಮೇಲೆ ಕೇಳಿದೆ: “ಗಂಡು ಎಲ್ಲಿಯವನಂತೆ ಅತ್ತೆ?”

“ನಂಗೇನು ಗೊತ್ತು ಮಾರಾಯ್ತಿ? ಅದನ್ನೂ ಅದರಲ್ಲೇ ಬರೆದಿದ್ರಾ?”

ನಮ್ಮ ಶಾಲೆಯ ಚಿತ್ರಪ್ರದರ್ಶನಕ್ಕೆ ಅವರನ್ನು ಕರೆದುಕೊಂಡು ಹೋಗಿದ್ದು ನಾನು ಬುದ್ಧಿಯಿದ್ದೂ ಮಾಡಿದ ದಡ್ಡ ಕೆಲಸ. ಮುಖ್ಯ ಅತಿಥಿಗಳು ಚಿತ್ರಗಳನ್ನು ಮುಂದಿನಿಂದ ನೋಡುತ್ತಿದ್ದರೆ, ನಮ್ಮತ್ತೆ ಪಿನ್ನು ಕಿತ್ತು ಹಿಂದಿನಿಂದ ನೋಡುತ್ತಿದ್ದರು! ಮೊದಲ ಬಹುಮಾನದ ಚಿತ್ರವನ್ನು ತಿರುಗಿಸಿ, ಬೆರಳಾಡಿಸಿ, “ಪಾಪ, ಕಾಗದದ ಒರಟು ಕಡೆಗೆ ಬರೆದುಬಿಟ್ಟಿದೆ ಮಗು” ಎಂದು ಅತಿಥಿಗಳಿಗೇ ವರದಿ ಒಪ್ಪಿಸಿದರು. ಆಮೇಲೆ ಯಾರೂ ನಿಲ್ಲದ ಒಂದು ಮೂಲೆಯಲ್ಲಿ ಹತ್ತು ನಿಮಿಷ ನಿಂತರು. ಅಲ್ಲಿದ್ದ ಹಾಳೆಯ ತುಂಬ ಏನೂ ಇರಲಿಲ್ಲ, ಕೆಳಗೆ ಬಲಕ್ಕೆ ಒಂದು ಕಾಗೆ ಮಾತ್ರ. ಹೋಮ್‌ವರ್ಕು ಮುಗಿಸದೆ ತಂದಿದ್ದಾಳೆ ಎಂದು ಆ ಹುಡುಗಿಗೆ ನಾನೇ ಕಡಿಮೆ ಅಂಕ ಕೊಟ್ಟಿದ್ದೆ.

“ನೋಡೇ, ಎಷ್ಟು ಜಾಗ ಬಿಟ್ಟಿದಾಳೆ ಆ ಕಾಗೆಗೆ! ಈಗ ಹಾರಿದ್ರೂ ಹಾರಬಹುದು” ಎಂದರು ಅತ್ತೆ.

ಅವಕಾಶ ಎಂಬ ಪಾಠವನ್ನು ಹದಿನೆಂಟು ವರ್ಷದಿಂದ ಬೋರ್ಡಿನ ಮೇಲೆ ಬರೆಸುತ್ತಿದ್ದ ನಾನು ಆ ದಿನ ಅದನ್ನು ಮೊದಲ ಸಲ ಕಂಡೆ. ಮರುದಿನವೇ ಹುಡುಗಿಯ ಅಂಕ ತಿದ್ದಿದೆ. ಅವಳು ಇವತ್ತಿಗೂ ಅದು ನನ್ನ ಔದಾರ್ಯ ಎಂದುಕೊಂಡಿದ್ದಾಳೆ!

ಗಾಂಧಿಬಜಾರಿನಲ್ಲಿ ತರಕಾರಿ ಮಾರುವ ಬಾಷಾ ಭಾಯಿಯ ಕತೆ ಕೇಳಿ. ಅತ್ತೆ ಅವರ ಅಂಗಡಿಯ ಮುಂದೆ ನಿಂತು, “ಬದನೆಕಾಯಿ ಕಪ್ಪಲ್ಲಪ್ಪ, ನೇರಳೆ. ಟೊಮೆಟೊ ಪಕ್ಕ ಇಟ್ರೆ ಕಪ್ಪಾಗೇ ಕಾಣುತ್ತೆ. ನಿಂಬೆಹಣ್ಣಿನ ಹತ್ರ ಇಡು” ಎಂದರು. “ಅರೆ ಅಮ್ಮಾ, ತಗೊಳ್ಳೋದು ಕಾಲು ಕೇಜಿ, ಹೇಳೋದು ಇಷ್ಟುದ್ದ!” ಎಂದು ಭಾಯಿ ಗೊಣಗಿಕೊಂಡೇ ಬುಟ್ಟಿ ಸರಿಸಿದರು. ಹಳದಿಯ ಪಕ್ಕ ಕೂತದ್ದೇ ತಡ, ಬದನೆಕಾಯಿಗಳು ಎದ್ದು ಬಂದವು ಮಾರಾಯರೇ! ಭಾಯಿ ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು, ತಮ್ಮದೇ ಅಂಗಡಿಯನ್ನು ಗಿರಾಕಿಯಂತೆ ನೋಡುತ್ತ ನಿಂತುಬಿಟ್ಟರು. ಆಮೇಲೆ ನಾನೊಬ್ಬಳೇ ಹೋದರೆ, “ಅಮ್ಮ ಬರ್ಲಿಲ್ವಾ ಮೇಡಂ? ಕ್ಯಾರೆಟ್ ಎಲ್ಲಿಡೋದು ಅಂತ ಕೇಳ್ಬೇಕಿತ್ತು” ಎನ್ನುತ್ತಿದ್ದರು.

ಇಂಥ ಅತ್ತೆಯ ಟ್ರಂಕಿನಲ್ಲಿ ಒಂದು ಬಟ್ಟೆಯ ಗಂಟಿದೆ. ಅದರಲ್ಲಿ ಅಂಗೈಯಗಲದ ಹನ್ನೆರಡು ಕಾಗದದ ತುಂಡುಗಳು, ಕಾರ್ಖಾನೆಯಲ್ಲಿ ಕತ್ತರಿಸಿ ಬಿಟ್ಟ ಅಂಚುಗಳು. ಹನ್ನೆರಡೂ ಬಿಳಿ. ನಮಗೆ ಹನ್ನೆರಡೂ ಒಂದೇ. ಅತ್ತೆಗೆ ಒಂದೊಂದೂ ಬೇರೆ. ಚಿಕ್ಕಂದಿನಲ್ಲಿ ನಮ್ಮ ಆಟ ಅದೇ: ನಾನು ಇಸ್ಪೀಟೆಲೆಯಂತೆ ಕಲಸಿ ಕೊಡುವುದು, ಅವರು ಅಪ್ಪಟ ಬಿಳಿಯಿಂದ ಹಿಡಿದು ಕೆನೆಯವರೆಗೆ ಸಾಲಾಗಿ ಜೋಡಿಸುವುದು. ಮೋಸ ಮಾಡುತ್ತಿದ್ದಾರೇನೋ ಎಂಬ ಗುಮಾನಿಯಿಂದ ನಾನು ಒಮ್ಮೆ, ಅವರು ಜೋಡಿಸಿಟ್ಟ ಕ್ರಮದಲ್ಲೇ, ಕದ್ದು ಪ್ರತಿ ತುಂಡಿನ ಹಿಂದೆ, ಮೂಲೆಯಲ್ಲಿ, ಪೆನ್ಸಿಲಿನಿಂದ ಒಂದರಿಂದ ಹನ್ನೆರಡರವರೆಗೆ ಬರೆದಿಟ್ಟೆ. ಆಮೇಲೆ ಪ್ರತಿ ಸಲ ಅವರು ಜೋಡಿಸಿ ಅತ್ತ ತಿರುಗಿದಾಗ ಮಗುಚಿ ಪರೀಕ್ಷಿಸುತ್ತಿದ್ದೆ. ಒಂದೇ ಒಂದು ಸಲವೂ ತಪ್ಪಲಿಲ್ಲ! ನಮ್ಮ ಮನೆಯಲ್ಲಿ ಬಿಳಿಯ ವಿಚಾರಕ್ಕೆ ಅತ್ತೆಯೇ ಹೈಕೋರ್ಟು ಎಂದು ತೀರ್ಮಾನವಾದದ್ದು ಹೀಗೆ.

ಹೋದ ವರ್ಷ ಹಬ್ಬಕ್ಕೆ ಮುಂಚೆ ಮನೆಗೆ ಬಣ್ಣ ಹೊಡೆಸಿದೆವು. ಪೇಂಟರ್ ಮುರುಗೇಶ್ ಭದ್ರಾವತಿ ಓಲ್ಡ್ ಟೌನಿನವನು, ಒಳ್ಳೆಯ ಕೆಲಸಗಾರ. ನಡುಮನೆಯ ಗೋಡೆಗೆ ಅಪ್ಪಟ ಬಿಳಿಯೇ ಆಗಬೇಕೆಂದು ಅತ್ತೆಯ ಆಜ್ಞೆ. ಹೊಡೆದು ಒಣಗಿದ ಮೇಲೆ ಅತ್ತೆ ಕಾಫಿ ಲೋಟ ಹಿಡಿದುಕೊಂಡು ಬಂದು ನೋಡಿದರು.

“ಇದು ಕೆನೆ ಬಣ್ಣ ಮುರುಗೇಶ.”

“ಅಯ್ಯೋ, ಡಬ್ಬ ನಿಮ್ ಮುಂದೇನೇ ಒಡ್ದಿದ್ದು ಮಾ! ಸುದ್ದ ಬಿಳಿ ಮಾ.”

“ಮೂವತ್ತು ವರ್ಷ ಬಿಳಿ ನೋಡಿದೀನಿ. ನಂಗೆ ಹೇಳ್ಕೊಡ್ಬೇಡ.”

ಮುರುಗೇಶ್ ನನ್ನತ್ತ ನೋಡಿದ. ಈಗ ನನ್ನ ಮಾನ ಹೋಗುವ ಸಂಗತಿಯನ್ನು ಹೇಳಿಬಿಡುತ್ತೇನೆ. ನನ್ನ ಕಣ್ಣಿಗೆ ಆ ಗೋಡೆ ಹಾಲಿನಂತೆ ಬೆಳ್ಳಗೆ ಕಾಣುತ್ತಿತ್ತು. ಆದರೂ ನಾನು, ಡ್ರಾಯಿಂಗ್ ಟೀಚರು, ಕತ್ತು ವಾರೆ ಮಾಡಿ, “ಹೌದಪ್ಪ, ಒಂಚೂರು ಕೆನೆ ಇದೆ” ಎಂದೆ! ನಮ್ಮ ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡು, “ಒಂಚೂರೇನು, ಚೆನ್ನಾಗೇ ಇದೆ” ಎಂದರು. ಅತ್ತೆ ಹೇಳಿದ ಮೇಲೆ ನಮ್ಮ ಕಣ್ಣನ್ನು ನಾವು ನಂಬುವುದುಂಟೇ?

ಪಾಪ, ಹೊಸ ಡಬ್ಬ ಒಡೆದು ಮತ್ತೊಂದು ಕೋಟು ಹೊಡೆದ. ಅತ್ತೆ ಮತ್ತೆ ಕೆನೆ ಎಂದರು. ಮುರುಗೇಶ್ ಬ್ರಷ್ಷು ತೊಳೆದು ಚೀಲಕ್ಕೆ ತುಂಬಿಕೊಂಡ. “ನೀವು ಮೂವತ್ತು ವರ್ಷ ಬಿಳಿ ನೋಡಿದ್ರೆ, ನಾನು ಇಪ್ಪತ್ತು ವರ್ಷ ಹೊಡ್ದಿದೀನಿ ಮಾ. ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲಾ ಹಳದಿ ಅಂತಾರಲ್ಲ, ಹಂಗಾಯ್ತು ನಿಮ್ ಕತೆ!” ಎಂದು ಬಾಗಿಲು ದಾಟಿದವನು ಮತ್ತೆ ನಮ್ಮ ಬೀದಿಗೆ ಕಾಲಿಡಲಿಲ್ಲ.

ಆಮೇಲೆ ಒಂದೊಂದೇ ಶುರುವಾಯಿತು. ಹಾಲಿನವನು ಹಾಲಿಗೇನೋ ಬೆರೆಸುತ್ತಿದ್ದಾನೆ. ಹೊಸ ಸೋಪಿನ ಪುಡಿ ಸರಿಯಿಲ್ಲ, ಬೆಡ್‌ಶೀಟೆಲ್ಲ ಮಂಕು. ಗಾಂಧಿಬಜಾರಿನಲ್ಲಿ ಬಾಷಾ ಭಾಯಿಗೆ, “ಯಾಕಪ್ಪ, ಈ ಸಲ ಬರೀ ಕಪ್ಪು ಬದನೆಕಾಯೇ ತಂದಿದೀಯ?” ಎಂದು ಕೇಳಿದರು. ಭಾಯಿ ನಗುವುದೋ ಬಿಡುವುದೋ ತಿಳಿಯದೆ ನನ್ನ ಮುಖ ನೋಡಿದರು. ಆಗಲೂ ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ.

ಹೊಳೆದದ್ದು ಒಂದು ಭಾನುವಾರ ಬೆಳಿಗ್ಗೆ. ನಮ್ಮ ಹಿತ್ತಲಿನ ಗಿಡದಿಂದ ಆಗಷ್ಟೇ ಬಿಡಿಸಿದ ಮಲ್ಲಿಗೆಯನ್ನು ಅತ್ತೆಯ ಮಡಿಲಿಗೆ ಹಾಕಿದೆ. “ನಿನ್ನೇದಾ ಇದು? ಎಷ್ಟು ಹಳದಿಗೆ ತಿರುಗಿದೆ!” ಎಂದರು. ಮಲ್ಲಿಗೆಯ ಮೇಲೆ ಇನ್ನೂ ಇಬ್ಬನಿಯಿತ್ತು. ಮುರುಗೇಶ್ ಹೇಳಿಹೋದ ಗಾದೆ ಆಗ ನೆನಪಾಯಿತು.

ಟ್ರಂಕಿನಿಂದ ಗಂಟು ತಂದೆ. “ಅತ್ತೆ, ಆಡೋಣ್ವಾ?” ಎಂದೆ. ಖುಷಿಯಿಂದ ಒಪ್ಪಿದರು. ಜಗಲಿಯ ಬೆಳಕಿನಲ್ಲಿ ಹನ್ನೆರಡು ತುಂಡನ್ನೂ ಹರಡಿದೆ. ಮೊದಲಾದರೆ ಪಟಪಟನೆ ಜೋಡಿಸಿ ಮುಗಿಸುತ್ತಿದ್ದವರು, ಈಗ ಒಂದನ್ನೆತ್ತಿ ಇಟ್ಟು, ಇನ್ನೊಂದನ್ನೆತ್ತಿ, ಮೊದಲಿನದನ್ನು ಮತ್ತೆ ತೆಗೆದು... ಕಾಲು ಗಂಟೆ ಹಿಡಿಯಿತು. ಮುಗಿದ ಮೇಲೆ ಹಳೆಯ ಹಾಗೇ ಕದ್ದು ಮಗುಚಿದೆ. ಏಳು, ಎರಡು, ಹನ್ನೊಂದು, ಒಂದು, ಒಂಬತ್ತು. ಮುಂದೆ ಓದಲಾಗಲಿಲ್ಲ.

“ಸರಿಯಾಗಿದ್ಯಾ?”

“ಸರಿಯಾಗಿದೆ ಅತ್ತೆ.”

ಅತ್ತೆ ನನ್ನ ಮುಖವನ್ನೇ ನೋಡಿದರು. “ಸುಳ್ಳು ಹೇಳುವಾಗ ನಿನ್ನ ಎಡಗಡೆ ಹುಬ್ಬು ಇಷ್ಟು ಬಾಗುತ್ತೆ. ಚಿಕ್ಕವಳಿದ್ದಾಗಿಂದ ಹಾಗೇ. ಬಣ್ಣ ಕಾಣ್ದೆ ಇರಬಹುದು ಕಣೇ, ಗೆರೆ ಕಾಣುತ್ತೆ ನಂಗೆ.” ತುಂಡುಗಳನ್ನು ಒಟ್ಟು ಮಾಡಿ ಬಟ್ಟೆಯಲ್ಲಿ ಕಟ್ಟಿದರು. ಗಂಟು ಹಾಕಲು ಬಹಳ ಹೊತ್ತು ತೆಗೆದುಕೊಂಡರು.

ಕಣ್ಣಿನ ಡಾಕ್ಟರಮ್ಮ ದೀಪ ಬಿಟ್ಟು ನೋಡಿ, “ಪೊರೆ ಬಂದಿದೆ ಅಮ್ಮ. ನಿಮ್ಮ ಕಣ್ಣೊಳಗಿನ ಮಸೂರ ಹಳೇ ಪುಸ್ತಕದ ಹಾಳೆ ಥರ ಹಳದಿಯಾಗಿದೆ. ಅದನ್ನ ತೆಗೆದು ಹೊಸದು ಹಾಕ್ತೀವಿ” ಎಂದರು. ಹಳೆಯ ಹಾಳೆ ಹಳದಿಯಾಗುವುದನ್ನು ಅತ್ತೆಗೆ ಯಾರೂ ವಿವರಿಸಬೇಕಿರಲಿಲ್ಲ. ಅವರು ಕೇಳಿದ್ದು ಬೇರೆಯೇ:

“ಹಾಗಾದ್ರೆ ಗೋಡೆ?”

“ಯಾವ ಗೋಡೆ ಅಮ್ಮ?”

“ಮುರುಗೇಶನ ಗೋಡೆ ಬಿಳೀನೇನಾ?”

ಡಾಕ್ಟರಮ್ಮನಿಗೆ ಪಾಪ, ಕಣ್ಣಿಗೆ ಚಿಕಿತ್ಸೆ ಗೊತ್ತು, ಮುರುಗೇಶ ಗೊತ್ತಿಲ್ಲ!

ಆಪರೇಷನ್ನಿಗೆ ಮಾತ್ರ ಅತ್ತೆ ಸುಲಭಕ್ಕೆ ಜಗ್ಗಲಿಲ್ಲ. ನೋವಿಗೆ ಹೆದರುವವರಲ್ಲ. ಅವರ ಹೆದರಿಕೆಯೇ ಬೇರೆ. “ಹೊಸ ಮಸೂರಕ್ಕೂ ಒಂದು ಬಣ್ಣ ಇದ್ರೆ? ಇವರು ಹಾಕೋ ಗಾಜಲ್ಲಿ ನನ್ನ ಬಿಳಿ ಸಿಗದೇ ಹೋದ್ರೆ? ನಂಗೆ ಅದೊಂದು ಬಿಟ್ರೆ ಇನ್ನೇನು ಬರುತ್ತೆ ಹೇಳು.” ಈ ಮಾತು ಹೇಳುವಾಗ ಅವರ ದನಿ ಎಷ್ಟು ಸಣ್ಣಗಿತ್ತೆಂದರೆ, ನನಗೆ ತಮಾಷೆ ಮಾಡುವ ಮನಸ್ಸಾಗಲಿಲ್ಲ. ಕೊನೆಗೆ ತಾವೇ ಒಂದು ರಾಜಿಸೂತ್ರ ಕಂಡುಹಿಡಿದರು. “ಒಂದೇ ಕಣ್ಣು. ಇನ್ನೊಂದು ಮುಟ್ಟಬಾರದು. ಕಾರ್ಖಾನೇಲಿ ಹೊಸ ಮಾಲು ಬಂದ್ರೆ ಹೋಲಿಸಿ ನೋಡೋಕೆ ಹಳೇ ಸ್ಯಾಂಪಲ್ ಒಂದು ಎತ್ತಿಡ್ತಿದ್ವಿ. ಹಾಗೆ.” ಪ್ರಪಂಚದಲ್ಲಿ ತಮ್ಮ ಎಡಗಣ್ಣನ್ನು ಸ್ಯಾಂಪಲ್ಲಿಗೆಂದು ಎತ್ತಿಟ್ಟುಕೊಂಡವರು ನಮ್ಮತ್ತೆ ಒಬ್ಬರೇ ಇರಬೇಕು!

ಬಲಗಣ್ಣಿನ ಪಟ್ಟಿ ಬಿಚ್ಚಿದ ದಿನ ಕಪ್ಪು ಕನ್ನಡಕ ಹಾಕಿಸಿ ಆಟೊದಲ್ಲಿ ಮನೆಗೆ ಕರೆತಂದೆ. ಒಳಗೆ ಬಂದದ್ದೇ ಕನ್ನಡಕ ತೆಗೆದು ನಡುಮನೆಯ ಗೋಡೆಯ ಮುಂದೆ ನಿಂತರು. ಬಲಗಣ್ಣು ಮುಚ್ಚಿ ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು. ಮತ್ತೆ ಬಲ, ಮತ್ತೆ ಎಡ. ಕಣ್ಣಿನಿಂದ ನೀರಿಳಿಯಿತು. ಡ್ರಾಪ್ಸ್ ಹಾಕಿದ ನೀರೇ ಇರಬಹುದು.

“ಮುರುಗೇಶನಿಗೆ ಫೋನ್ ಮಾಡು” ಎಂದರು.

ಮುರುಗೇಶ್ ಮುಖ ಗಂಟಿಕ್ಕಿಕೊಂಡೇ ಬಂದ. ಅತ್ತೆ ಅವನ ಎರಡೂ ಕೈ ಹಿಡಿದುಕೊಂಡರು. “ತಪ್ಪು ನಂದು ಕಣಪ್ಪ. ಗೋಡೆ ಬಿಳೀನೇ. ಕಣ್ಣು ಹಳದಿಯಾಗಿತ್ತು.” “ಬಿಡಿ ಮಾ, ದೊಡ್ಡವ್ರು ನೀವು...” ಎಂದು ಅವನು ತಡವರಿಸುತ್ತಿರುವಾಗಲೇ ಅತ್ತೆ ಮುಂದುವರಿಸಿದರು: “ಆದ್ರೆ ಆ ಕಪಾಟಿನ ಹಿಂದೆ ಮೇಲ್ಗಡೆ ಮೂಲೆ ಇದೆಯಲ್ಲ, ಅಲ್ಲಿ ಒಂದೇ ಕೋಟು ಹೊಡೆದಿದೀಯ.” ಮುರುಗೇಶ್ ಕತ್ತೆತ್ತಿ ನೋಡಿದ. ನಾನೂ ನೋಡಿದೆ. ನನಗೇನೂ ಕಾಣಲಿಲ್ಲ. ಅವನಿಗೆ ಕಂಡಿತೋ, ನೆನಪಾಯಿತೋ, ಎರಡೂ ಕಿವಿ ಹಿಡಿದುಕೊಂಡು ಹಲ್ಲುಬಿಟ್ಟ. ಹಲ್ಲಿನ ಬಣ್ಣದ ಬಗ್ಗೆ ಅತ್ತೆ ಆ ದಿನ ಏನೂ ಅನ್ನಲಿಲ್ಲ, ಅದೇ ಪುಣ್ಯ!

ವಾರ ಕಳೆದ ಮೇಲೆ ಅತ್ತೆಯೇ ಗಂಟು ಬಿಚ್ಚಿಕೊಂಡು ಜಗಲಿಗೆ ಬಂದರು. “ಕಲಸಿ ಕೊಡು.” ಕಲಸಿ ಕೊಟ್ಟೆ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಪಟಪಟನೆ ಜೋಡಿಸಿದರು. ಕದ್ದು ಮಗುಚಿದೆ. ಒಂದು, ಎರಡು, ನಾಲ್ಕು, ಐದು, ಮೂರು... ಎಡಹುಬ್ಬು ಬಾಗದಂತೆ ಎಷ್ಟು ಬಿಗಿಹಿಡಿದರೂ ಆಗಲಿಲ್ಲ.

“ನಿನ್ನ ನಂಬರು ಹಳೇದು ಕಣೇ” ಎಂದು ಅತ್ತೆ ನಕ್ಕರು. “ನಲವತ್ತು ವರ್ಷದಲ್ಲಿ ಕಾಗದಕ್ಕೂ ವಯಸ್ಸಾಗಿಲ್ವಾ? ಮೂರನೇದು ಬೇಗ ಹಳದಿಯಾಗಿದೆ, ಐದನೇದು ಗಟ್ಟಿ. ನೋಡು ಬೇಕಾದ್ರೆ.” ಎರಡನ್ನೂ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದ ಮೇಲೆ, ಆ ಅಷ್ಟೇ ಅಷ್ಟು ವ್ಯತ್ಯಾಸ ನನಗೂ ಕಂಡಿತು. “ರಬ್ಬರ್ ತಗೊಂಡು ಅಳಿಸಿ ಹೊಸದಾಗಿ ಬರಿ” ಎಂದರು.

ಪೆನ್ಸಿಲ್ ತರಲು ಎದ್ದವಳು ಹಾಗೇ ನಿಂತೆ. “ಅಲ್ಲ ಅತ್ತೆ, ನಾನು ಹಿಂದೆ ನಂಬರ್ ಬರೆದಿದ್ದು ನಿಮಗೆ ಗೊತ್ತಿತ್ತಾ?”

“ಬರೆದ ದಿನವೇ. ಎಷ್ಟು ಒತ್ತಿ ಬರೆದಿದೀಯ! ಮುಂದಿನ ಕಡೆ ಮುಟ್ಟಿದ್ರೆ ಬೆರಳಿಗೆ ಸಿಗುತ್ತೆ.”

ನಾನು ಅಲ್ಲೇ ಕೂತುಬಿಟ್ಟೆ. ಕಣ್ಣು ಕಾಣದ ಆ ಭಾನುವಾರ, ಕಾಲು ಗಂಟೆ ಒದ್ದಾಡಿ ಸೋತರಲ್ಲ, ಅವತ್ತು ಬೆರಳಿನಲ್ಲೇ ನಂಬರು ಓದಿ ಸರಿಯಾಗಿ ಜೋಡಿಸಬಹುದಿತ್ತು. ನನಗೆ ಗೊತ್ತೂ ಆಗುತ್ತಿರಲಿಲ್ಲ! “ಯಾಕೆ ಹಾಗೆ ಮಾಡ್ಲಿಲ್ಲ?” ಎಂದೆ.

“ಕಣ್ಣಿನ ಕೆಲಸಕ್ಕೆ ಬೆರಳನ್ನ ಯಾಕೆ ಕಳಿಸ್ಲಿ?” ಎಂದರು ಅತ್ತೆ, ಇದೂ ಒಂದು ಪ್ರಶ್ನೆಯೇ ಎಂಬಂತೆ.

ಮತ್ತೆ ಬಗ್ಗಿ ಕಾಗದಗಳನ್ನು ಒಟ್ಟು ಮಾಡುತ್ತಿದ್ದವರು ತಲೆಯೆತ್ತಿ ನನ್ನನ್ನು ನೋಡಿ ತಟ್ಟನೆ ನಿಂತರು. ಕೈ ಮುಂದೆ ಬಂತು. ನನ್ನ ಬೈತಲೆಯ ಪಕ್ಕದ ಕೂದಲನ್ನು ಹಾಳೆ ಎಬ್ಬಿಸಿದಂತೆಯೇ ಬೆರಳ ತುದಿಯಲ್ಲಿ ಎಬ್ಬಿಸಿ ನೋಡಿದರು.

“ಇದು ಯಾವಾಗಾಯ್ತೇ?”

“ಎರಡು ಮೂರು ವರ್ಷ ಆಯ್ತು ಅತ್ತೆ.”

“ನಾನು ದಿನಾ ಎದುರಿಗೇ ಇದ್ದೆ. ನೋಡೇ ಇಲ್ಲ!” ಅತ್ತೆಯ ದನಿ ಒಡೆಯಿತು. ಮೂವತ್ತು ವರ್ಷ ಒಂದು ಚುಕ್ಕೆಯನ್ನೂ ಬಿಡದವರು! ತಮಾಷೆ ಮಾಡಿ ನಗಿಸೋಣವೆಂದು, “ಎಷ್ಟನೇ ನಂಬರು ಹೇಳಿ” ಎಂದೆ. ಅತ್ತೆ ಎಡಗಣ್ಣು ಮುಚ್ಚಿ, ನನ್ನ ತಲೆಯನ್ನು ಬೆಳಕಿನ ಕಡೆ ತಿರುಗಿಸಿ, ಶ್ರದ್ಧೆಯಿಂದಲೇ ನೋಡಿದರು.

“ನಾಲ್ಕು” ಎಂದರು. “ಒಳ್ಳೇ ಬಿಳಿ.”

ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಸ್ಯಾಂಪಲ್ಲಿಗೆ ಎತ್ತಿಟ್ಟಿದ್ದ ಆ ಎಡಗಣ್ಣನ್ನು ಮೆಲ್ಲಗೆ ತೆರೆದು ಹೇಳಿದರು: “ಡಾಕ್ಟರಮ್ಮಂಗೆ ಫೋನ್ ಮಾಡು. ಇದಕ್ಕೂ ಡೇಟ್ ತಗೋ. ಇನ್ನೂ ಏನೇನು ನೋಡೋದು ಬಿಟ್ಟಿದೀನೋ.”